ಬಾರದ ಬಿರುಗಾಳಿ ಹೋಗುವುದು ಹೇಗೆ?

ಹೆಂಡತಿ: ಗಂಡನ್ನ ನೀವೇ ಇಟ್ಕೊಳ್ಳಿ, ನನ್ನ ಬೋರ್ಡ್ ಕೊಟ್ಬಿಡಿ. ಇಷ್ಟು ಹೇಳೋಕೇ ಬಂದಿದ್ದು ನಾನು.

ಗಂಡ: ಇದನ್ನ ಯಾರಿಗೆ ಹೇಳ್ತಿದ್ದೀಯ? ಗಂಡ ನಾನೇ ಅಲ್ವೇನೇ?

ಹೆಂಡತಿ: ನಿಮಗಲ್ಲ, ಕಚೇರಿಗೆ ಹೇಳ್ತಿದ್ದೀನಿ. ಕಚೇರಿ ಪರವಾಗಿ ನೀವು ಕೇಳಿಸ್ಕೊಳ್ಳಿ.

ಗಂಡ: ಕಚೇರಿ ಪರವಾಗಿ ಹೇಳೋದಾದ್ರೆ, ಸಾರ್ವಜನಿಕರು ಮರಳಿನ ಮೂಟೆಯಿಂದ ಒಂದು ಮಾರು ಆಚೆ ನಿಂತ್ಕೋಬೇಕು.

ಹೆಂಡತಿ: ಸಾರ್ವಜನಿಕರ ಕೈಯಲ್ಲಿ ನಿಮ್ಮ ಊಟದ ಡಬ್ಬಿ ಇದೆ. ಒಂದು ಮಾರು ಆಚೆಯಿಂದ ಎಸೀಲಾ?

ಗಂಡ ಸ್ವಲ್ಪ ಯೋಚಿಸಿ, ಊಟದ ವಿಷಯಕ್ಕೆ ಮಾತ್ರ ಹತ್ತಿರ ಬರಬಹುದು ಎಂದ. ಅವನು ಎದೆಯಿಂದ ಮೇಲಷ್ಟೇ ಹೊರಗಿನವರಿಗೆ ಕಾಣುತ್ತಿದ್ದ. ಪುರಸಭೆಯ ತುರ್ತು ಸಿದ್ಧತೆ ವಿಭಾಗದ ಬಾಗಿಲಿಗೆ ಎದೆಮಟ್ಟಕ್ಕೆ ಮರಳಿನ ಮೂಟೆ ಪೇರಿಸಿತ್ತು. ಅದರಾಚೆ ಅಧಿಕಾರಿಯಾದ ಗಂಡ, ಈಚೆ ಹೊಲಿಗೆ ಅಂಗಡಿಯವಳಾದ ಹೆಂಡತಿ. ಅವಳು ಡಬ್ಬಿಯನ್ನು ಮೂಟೆಯ ಮೇಲಿಟ್ಟು ತಾನೂ ಒಂದು ಮೂಟೆ ನೋಡಿ ಕೂತಳು. ಬಹಳ ದಿನದಿಂದ ಜನ ಕೂತು ಕೂತು ಆ ಮೂಟೆಗಳು ಮೆತ್ತಗಾಗಿದ್ದವು. ಒಂದರ ಮರೆಯಲ್ಲಿ ಬೆಕ್ಕು ಮರಿ ಹಾಕಿತ್ತು.

ಊರಿಗೆ ಅಪಾಯ ಬಂದರೆ ಯಾರು ಏನು ಮಾಡಬೇಕೆಂದು ಪುರಸಭೆ ನಾಲ್ಕು ಹಂತ ಮಾಡಿತ್ತು. ನಾಲ್ಕು ಎಂದರೆ ಏನೂ ಇಲ್ಲ, ಎಲ್ಲರೂ ಹಾಯಾಗಿರಿ. ಮೂರು ಎಂದರೆ ಕಿವಿ ನೆಟ್ಟಗೆ ಮಾಡಿಕೊಂಡಿರಿ. ಎರಡು ಎಂದರೆ ಸೊಂಟ ಕಟ್ಟಿ. ಒಂದು ಎಂದರೆ ದೇವರೇ ಗತಿ. ಸಮುದ್ರದಲ್ಲಿ ಎದ್ದ ಬಿರುಗಾಳಿ ಊರಿನ ಕಡೆಗೇ ಬರುತ್ತಿದೆ ಎಂದು ಹವಾಮಾನದವರು ಹೇಳಿದ್ದೇ ತಡ, ಗಂಡ ನೇರವಾಗಿ ಒಂದನೇ ಹಂತ ಸಾರಿದ. ಗಾಳಿಗೆ ಹಾರಿ ಯಾರ ತಲೆ ಮೇಲಾದರೂ ಬೀಳಬಾರದೆಂದು ಅಂಗಡಿಗಳ ಬೋರ್ಡುಗಳನ್ನೆಲ್ಲ ಬಿಚ್ಚಿಸಿ ಉಗ್ರಾಣಕ್ಕೆ ಸಾಗಿಸಿದ. ಬಾಗಿಲಿಗೆ ಮೂಟೆ ಪೇರಿಸಿದ. ಸೈರನ್ ಕೆಟ್ಟಿಲ್ಲವೆಂದು ನೋಡಲು ದಿನಾ ಮಧ್ಯಾಹ್ನ ಒಮ್ಮೆ ಕೂಗಿಸತೊಡಗಿದ. ಒಂದನೇ ಹಂತ ಇರುವ ತನಕ ಅಧಿಕಾರಿ ಕಚೇರಿ ಬಿಟ್ಟು ಕದಲಬಾರದಾದ್ದರಿಂದ ಚಾಪೆ, ದಿಂಬು ತರಿಸಿಕೊಂಡ.

ಬಿರುಗಾಳಿ ಬರಲಿಲ್ಲ. ಸಮುದ್ರದಲ್ಲೇ ಮನಸ್ಸು ಬದಲಾಯಿಸಿ ಎತ್ತಲೋ ಹೋಗಿ ಕರಗಿತು. ಅಂದಿನಿಂದ ಊರಿನಲ್ಲಿ ಒಣಹಾಕಿದ ಬಟ್ಟೆ ಅಲುಗಾಡುವಷ್ಟೂ ಗಾಳಿಯಿಲ್ಲ. ಒಂದನೇ ಹಂತ ಮಾತ್ರ ಹಾಗೇ ನಿಂತಿತ್ತು.

ಹೆಂಡತಿ: ಗಾಳಿ ಬರಲಿಲ್ಲ ತಾನೇ? ಹಂತ ಇಳಿಸಿ.

ಗಂಡ: ಗಾಳಿ ಹೋದ ಮೇಲೆ ಇಳಿಸಬೇಕು ಅಂತ ಕೈಪಿಡಿಯಲ್ಲಿದೆ.

ಹೆಂಡತಿ: ಹೋಗಿದೆಯಲ್ಲ.

ಗಂಡ: ಬಂದಿದ್ದರೆ ತಾನೇ ಹೋಗೋದು? ಬರದೇ ಇರೋದು ಹೋಗೋದು ಹೇಗೆ? ನಿನ್ನ ತಮ್ಮ ನಮ್ಮ ಮನೆಗೆ ಬಂದೇ ಇಲ್ಲ ಅಂದ್ಕೋ. ಅವನು ಹೋದ ಅಂತ ನಾನು ಹೇಳೋಕಾಗುತ್ತಾ?

ಹೆಂಡತಿ: ನನ್ನ ತಮ್ಮ ಬರೋ ಮುಂಚೆಯೇ ಯಾವಾಗ ಹೋಗ್ತಾನೆ ಅಂತ ಕೇಳೋರು ನೀವು.

ಗಂಡ: ಅದು ಮನೆ ವಿಷಯ. ಇದು ಕಚೇರಿ.

ಹವಾಮಾನದವರನ್ನು ಅವನು ವಿಚಾರಿಸದೆ ಇರಲಿಲ್ಲ. ಬಿರುಗಾಳಿ ಹೋಯಿತು ಎಂದು ಒಂದು ಮಾತು ಹೇಳಿಬಿಡಿ ಎಂದು ಫೋನಿನಲ್ಲಿ ಬೇಡಿಕೊಂಡಿದ್ದ. ಅವರು, ಅದು ಈಗ ನಮ್ಮ ಲೆಕ್ಕದಲ್ಲೇ ಇಲ್ಲ, ಇಲ್ಲದ್ದರ ಬಗ್ಗೆ ನಾವು ಏನೂ ಹೇಳುವುದಿಲ್ಲ ಎಂದರು. ಇಲ್ಲ ಎಂದಾದರೂ ಹೇಳಿ ಎಂದ. ಅದನ್ನು ಈಗ ತಾನೇ ಹೇಳಿದೆವಲ್ಲ ಎಂದು ಫೋನ್ ಇಟ್ಟರು.

ಹೆಂಡತಿ: ಬಂತು ಅಂತ ಗೊತ್ತಾಗೋದು ಹೇಗೆ? ಅದಕ್ಕೂ ಏನೋ ಬರೆದಿರ್ತೀರಲ್ಲ.

ಗಂಡ: ಬರೆದಿದೆ. ಊರೊಳಗೆ ನೇತುಹಾಕಿದ ಬೋರ್ಡು ಒಂದಾದ್ರೂ ಗಾಳಿಗೆ ಬೀಳಬೇಕು. ಅಧಿಕಾರಿ ಅದನ್ನ ಕಣ್ಣಾರೆ ನೋಡಬೇಕು. ಆಗ ಬಿರುಗಾಳಿ ಬಂತು ಅಂತ ಅರ್ಥ.

ಹೆಂಡತಿ: ಬೋರ್ಡೆಲ್ಲ ಎಲ್ಲಿವೆ?

ಗಂಡ: ಉಗ್ರಾಣದಲ್ಲಿ.

ಹೆಂಡತಿ: ಯಾಕೆ?

ಗಂಡ: ಬೀಳಬಾರದು ಅಂತ.

ಬೆಕ್ಕು ಒಂದು ಮರಿಯನ್ನು ಕಚ್ಚಿಕೊಂಡು ಪಕ್ಕದ ಮೂಟೆಗೆ ಹೋಯಿತು.

ಹೆಂಡತಿ: ಈ ಕೈಪಿಡಿ ಬರೆದ ಮಹಾನುಭಾವ ಯಾರು?

ಗಂಡ ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿ ಮಗ್ನನಾದ. ಬರೆದವನು ಅವನೇ. ಊಟದ ಮನೆಯ ಮೇಜಿನ ಮುಂದೆ ಕೂತು ಬರೆದಿದ್ದ. ದೀಪ ಹಿಡಿದವಳು ಅವಳೇ.

ಗಂಡ: ಬೋರ್ಡು ಬಿಚ್ಚಿಸೋ ಪುಟ, ಬೋರ್ಡು ಬೀಳೋ ಪುಟ ಎರಡನ್ನೂ ಒಂದೇ ಸಲಕ್ಕೆ ಬರೆದಿದ್ರೆ ಹೀಗಾಗ್ತಿರಲಿಲ್ಲ. ಮಧ್ಯೆ ನೀನು ಊಟಕ್ಕೆ ಕರೆದೆ.

ಹೆಂಡತಿ: ತಪ್ಪಾಯ್ತು. ಇನ್ಮೇಲೆ ಕರೆಯಲ್ಲ. ಈಗ ನನ್ನ ಬೋರ್ಡು ಒಂದನ್ನ ಕೊಡಿ, ನೇತು ಹಾಕ್ತೀನಿ. ಅದು ಬಿದ್ದರೆ ಗಾಳಿ ಬಂದ ಹಾಗಾಯ್ತು.

ಗಂಡ: ಹಂತ ಇಳಿಯೋ ತನಕ ಬೋರ್ಡು ಕೊಡೋ ಹಾಗಿಲ್ಲ.

ಹೆಂಡತಿ: ಬೋರ್ಡು ಬೀಳೋ ತನಕ ಹಂತ ಇಳಿಸೋ ಹಾಗಿಲ್ಲ.

ಗಂಡ: ಈಗ ನಿನಗೆ ಅರ್ಥವಾಯ್ತು ನೋಡು.

ಅವಳಿಗೆ ಅರ್ಥವಾಗಿದ್ದು ಬೇರೆ. ಅವಳ ಅಂಗಡಿ ಇರುವುದು ಕಚೇರಿಯ ಹಿಂದಿನ ಬೀದಿಯಲ್ಲಿ, ಎರಡು ಗೋಡೆಗಳ ನಡುವೆ ಸಿಕ್ಕಿಬಿದ್ದ ಹಾಗೆ. ದೊಡ್ಡ ಕತ್ತರಿಯ ಚಿತ್ರವಿದ್ದ ಹಳದಿ ಬೋರ್ಡು ನೋಡಿಯೇ ಜನ ಒಳಗೆ ತಿರುಗುತ್ತಿದ್ದರು. ಎದುರಂಗಡಿಯವನೂ ದರ್ಜಿಯೇ, ಅವನ ಹೆಸರು ಗೋಡೆಯ ಮೇಲೆ ಬಣ್ಣದಲ್ಲಿ ಬರೆದದ್ದು. ಬೋರ್ಡು ಹೋದ ಮೇಲೆ ಹಳೆಯ ಗಿರಾಕಿಗಳು ಕೂಡ ಅಂಗಡಿ ಮುಚ್ಚಿತೇನೋ ಎಂದುಕೊಂಡು ಎದುರಿಗೆ ತಿರುಗಿದ್ದರು. ಅವಳ ಹೊಲಿಗೆ ಯಂತ್ರದ ಮೇಲೆ ಈಗ ಇದ್ದದ್ದು ಒಂದೇ ಕೆಲಸ, ತನ್ನದೇ ದಿಂಬಿನ ಗವಸು. ಇನ್ನು ಸ್ವಲ್ಪ ದಿನ ಹೀಗೇ ಆದರೆ ಅಂಗಡಿಯನ್ನು ನಿಜವಾಗಿ ಮುಚ್ಚಬೇಕಾಗುತ್ತಿತ್ತು.

ಹೆಂಡತಿ: ಎದುರಂಗಡಿಯವನ ಗೋಡೆ ಯಾಕೆ ಬಿಟ್ರಿ?

ಗಂಡ: ಬಿಚ್ಚಿಸೋಣ ಅಂತಲೇ ಇದ್ದೆ. ಉಗ್ರಾಣದಲ್ಲಿ ಜಾಗ ಸಾಲಲಿಲ್ಲ.

ಅವಳು ಅವನ ಅಂಗಿಯನ್ನೇ ದಿಟ್ಟಿಸಿದಳು. ಮೇಲಿನಿಂದ ಮೂರನೆಯ ಗುಂಡಿ. ಕಂದು ಅಂಗಿಗೆ ನೀಲಿ ದಾರ.

ಹೆಂಡತಿ: ಆ ಗುಂಡಿ ಯಾರು ಹಾಕಿದ್ದು?

ಗಂಡ: ಯಾವ ಗುಂಡಿ?

ಹೆಂಡತಿ: ನಾನು ಕಂದು ಅಂಗಿಗೆ ನೀಲಿ ದಾರ ಹಾಕೋಳಲ್ಲ. ಈ ಊರಲ್ಲಿ ದಾರದ ಬಣ್ಣ ನೋಡದೆ ಹೊಲಿಯೋನು ಒಬ್ಬನೇ. ಅವನ ಅಂಗಡಿ ನಮ್ಮ ಅಂಗಡಿ ಎದುರಿಗಿದೆ.

ಗಂಡ: ಕಿತ್ತುಬಂದಿತ್ತು. ನಾನು ಕದಲೋ ಹಾಗಿಲ್ಲವಲ್ಲ, ಉಗ್ರಾಣ ಕಾಯೋ ಅಜ್ಜನ ಕೈಲಿ ಕಳಿಸಿದ್ದೆ. ನಿನ್ನ ಅಂಗಡಿಗೇ ಕಳಿಸಿದ್ದು, ದೇವರಾಣೆ.

ಹೆಂಡತಿ: ಮತ್ತೆ?

ಗಂಡ: ಅವನಿಗೆ ನಿನ್ನ ಅಂಗಡಿ ಸಿಗಲಿಲ್ಲವಂತೆ. ಬೋರ್ಡು ಇರಲಿಲ್ಲ.

ಅವಳು ಕಣ್ಣು ಮುಚ್ಚಿಕೊಂಡು ಒಂದು ಗಳಿಗೆ ಕೂತಳು. ಸಿಟ್ಟು ಬಂದಾಗ ಹಾಗೆ ಕೂತು ದೇವರ ಹೆಸರು ಹೇಳಿಕೊಳ್ಳುವುದು ಅವಳ ಅಭ್ಯಾಸ. ಈ ಮದುವೆಯಲ್ಲಿ ಆ ಹೆಸರು ಬಹಳ ಸಲ ಬಂದುಹೋಗಿತ್ತು.

ಗಂಡ: ಏನು ಹೇಳ್ಕೊಳ್ತಿದ್ದೀಯ?

ಹೆಂಡತಿ: ಬಿರುಗಾಳಿ ಕಳಿಸು ಅಂತ ಕೇಳೋಕೆ ನನಗೆ ಬಾಯಿ ಬರಲ್ಲ. ಯಾರ ಮನೆ ಹಂಚು ಹಾರುತ್ತೋ ಏನೋ. ಅದಕ್ಕೇ, ಚಿಕ್ಕದೊಂದು ಕಳಿಸಪ್ಪಾ, ಯಾರಿಗೂ ನೋವಾಗದ ಹಾಗೆ, ಇವರು ನೋಡೋಕೆ ಸಾಲುವಷ್ಟು, ಅಂತ ಕೇಳ್ಕೊಂಡೆ.

ಗಂಡ: ಸರ್ಕಾರಿ ಕೆಲಸಕ್ಕೆ ದೇವರನ್ನ ಎಳೀಬೇಡ.

ಹೆಂಡತಿ: ಒಂದನೇ ಹಂತ ಅಂದ್ರೆ ದೇವರೇ ಗತಿ ಅಂತ ಬರೆದೋರು ನೀವು.

ಗಂಡ ಗಡಿಯಾರ ನೋಡಿ ಎದ್ದ. ಸೈರನ್ ಕೂಗಿಸುವ ಹೊತ್ತಾಗಿತ್ತು. ಸೈರನ್ ಇದ್ದದ್ದು ಪಕ್ಕದ ಉಗ್ರಾಣದ ತಗಡಿನ ಮಾಡಿನ ಮೇಲೆ. ಅವನು ಕೋಣೆಯೊಳಗಿನ ಹಿಡಿಕೆ ತಿರುಗಿಸಿದ. ಸೈರನ್ ಕೂಗಿತು, ಮಾಡು ನಡುಗಿತು, ಬೀದಿಯಲ್ಲಿ ಎಲ್ಲರೂ ಊಟದ ಡಬ್ಬಿ ಬಿಚ್ಚಿದರು. ಮೊದಮೊದಲು ಆ ಕೂಗಿಗೆ ಜನ ಮಂಚದ ಕೆಳಗೆ ನುಗ್ಗುತ್ತಿದ್ದರು. ಈಗ ಅದು ಊಟದ ಗಂಟೆ. ಶಾಲೆಯವರು ತಮ್ಮ ಗಂಟೆ ಬಾರಿಸುವುದನ್ನೇ ಬಿಟ್ಟಿದ್ದರು.

ಕೂಗು ನಿಂತ ಕೂಡಲೇ ಉಗ್ರಾಣದಿಂದ ಗುಡುಗಿದಂತೆ ಒಂದು ಸೀನು ಕೇಳಿಸಿತು. ಅದರ ಹಿಂದೆಯೇ ಧಡಾರನೆ ಏನೋ ಬಿದ್ದ ಸದ್ದು.

ಉಗ್ರಾಣ ಕಾಯುವ ಮುದುಕನನ್ನು ಊರೆಲ್ಲ ಉಗ್ರಾಣದಜ್ಜ ಎನ್ನುತ್ತಿತ್ತು. ಅವನು ತಲೆಗೂದಲ ತುಂಬ ಧೂಳು ಮಾಡಿಕೊಂಡು ಒಳಬಾಗಿಲಲ್ಲಿ ಬಂದು ನಿಂತ.

ಅಜ್ಜ: ಸಾಹೇಬ್ರೆ, ತಪ್ಪಾಯ್ತು. ನಿಮ್ಮ ಸೈರನ್ ಕೂಗಿದಾಗ ಮಾಡಿನ ಧೂಳೆಲ್ಲ ಮೂಗಿಗೆ ಬೀಳುತ್ತೆ. ಇವತ್ತು ತಡೆಯೋಕಾಗಲಿಲ್ಲ. ಬೋರ್ಡು ಬಿತ್ತು.

ಹೆಂಡತಿ: ಯಾವ ಬೋರ್ಡು?

ಅಜ್ಜ: ನಿಮ್ಮದೇ ಕಣಮ್ಮ, ಕತ್ತರಿದು. ಬೇರೆಯವರದ್ದೆಲ್ಲ ನೆಲದ ಮೇಲಿವೆ. ನಿಮ್ಮದು ನೋಡೋಕೆ ಲಕ್ಷಣವಾಗಿದೆ ಅಂತ ಮೊಳೆಗೆ ಹಾಕ್ಕೊಂಡಿದ್ದೆ. ಪೆಟ್ಟೇನಾಗಿಲ್ಲ.

ಹೆಂಡತಿ ಎದ್ದು ನಿಂತಳು.

ಹೆಂಡತಿ: ಮೊಳೆಗೆ ಹಾಕಿದ್ದು ಅಂದ್ರೆ ನೇತುಹಾಕಿದ್ದು. ಉಗ್ರಾಣ ಊರೊಳಗಿದೆ. ಅಜ್ಜಾ, ಗಾಳಿ ಇತ್ತಾ?

ಅಜ್ಜ: ಇತ್ತಲ್ಲ ತಾಯಿ. ನನ್ನ ಮೂಗಿಂದ.

ಗಂಡ: ಇರು ಇರು. ಸೀನಿಗೆ ಬಿರುಗಾಳಿ ಅಂತಾರೇನೇ?

ಹೆಂಡತಿ: ಗಾಳಿ ಎಲ್ಲಿಂದ ಬರಬೇಕು ಅಂತ ಬರೆದಿದ್ದೀರಾ?

ಗಂಡ ಕೈಪಿಡಿ ತಿರುವಿದ. ಗಾಳಿಗೆ ಬೀಳಬೇಕು ಎಂದಿತ್ತೇ ಹೊರತು ಯಾರ ಗಾಳಿಗೆ ಎಂದು ಇರಲಿಲ್ಲ. ಬರೆಯುವಾಗ ಅದು ಹೊಳೆದಿರಲಿಲ್ಲ. ಬಹುಶಃ ಊಟಕ್ಕೆ ಕರೆದದ್ದು ಆಗಲೇ.

ಗಂಡ: ನಾನು ಕಣ್ಣಾರೆ ನೋಡಲಿಲ್ಲವಲ್ಲ.

ಹೆಂಡತಿ: ಅಜ್ಜಾ, ಇನ್ನೊಂದು ಸೀನು ಬರುತ್ತಾ?

ಅಜ್ಜ: ಹೇಳೋಕಾಗಲ್ಲ. ನನ್ನದು ಯಾವಾಗಲೂ ಜೋಡಿಯಾಗೇ ಬರೋದು. ಮೂಗಿನ ತುದೀಲಿ ಇದ್ದಂಗಿದೆ.

ಮೂವರೂ ಉಗ್ರಾಣಕ್ಕೆ ಓಡಿದರು. ಹೆಂಡತಿ ಮೂಟೆ ಹತ್ತಿ ಇಳಿದಾಗ ಸಾರ್ವಜನಿಕರು ಒಳಗೆ ಬರಬಾರದೆಂದು ಗಂಡ ಹೇಳಿದ. ಹೇಳುತ್ತಲೇ ಕೈಕೊಟ್ಟು ಇಳಿಸಿಕೊಂಡ. ಬೋರ್ಡನ್ನು ಮತ್ತೆ ಮೊಳೆಗೆ ಹಾಕಿದರು. ಅಜ್ಜ ಅದರ ಮುಂದೆ ಮುಖವೆತ್ತಿ ನಿಂತ. ಗಂಡ ಕನ್ನಡಕ ಒರೆಸಿಕೊಂಡ.

ಅಜ್ಜ: ಬಂತು... ಬಂತು...

ಗಂಡ: ಬರಲಿ.

ಅಜ್ಜ: ಹೋಯ್ತು.

ಗಂಡ: ಬರದೇ ಹೇಗೆ ಹೋಯ್ತು?

ಹೆಂಡತಿ: ನೋಡಿ, ಬರದೇ ಇರೋದೂ ಹೋಗುತ್ತೆ. ಅಜ್ಜನ ಸೀನಿಗೆ ಆಗುತ್ತೆ, ಸಮುದ್ರದ ಗಾಳಿಗೆ ಆಗಲ್ಲ ಅಂತೀರಿ.

ಗಂಡ ಬಾಯಿ ತೆರೆಯುವಷ್ಟರಲ್ಲಿ ಎರಡನೆಯ ಸೀನು ಹೇಳದೆ ಕೇಳದೆ ಬಂದುಬಿಟ್ಟಿತು. ಬೋರ್ಡು ಮೊಳೆಯಿಂದ ಜಿಗಿದು ಗಂಡನ ಕಾಲಿನ ಪಕ್ಕದಲ್ಲೇ ಬಿತ್ತು. ನೆಲದ ಮೇಲಿನ ಕತ್ತರಿ ಅವನನ್ನೇ ನೋಡುತ್ತಿತ್ತು. ಇಷ್ಟು ಕಾಲ ಕಾದ ಬಿರುಗಾಳಿ ಎದುರಿಗೇ ಬಂದಾಗ ಅವನು ಅಂಗಿ ಸರಿಮಾಡಿಕೊಂಡು ನೆಟ್ಟಗೆ ನಿಂತ.

ಗಂಡ: ನೋಡಿದೆ. ಕಣ್ಣಾರೆ ನೋಡಿದೆ. ಅಜ್ಜಾ, ನೀನು ಯಾವ ದಿಕ್ಕಿಂದ ಬೀಸಿದೆ?

ಅಜ್ಜ: ಬಾಗಿಲಿಗೆ ಬೆನ್ನು ಹಾಕಿದ್ದೆ.

ಗಂಡ: ಅಂದ್ರೆ ಪಶ್ಚಿಮದಿಂದ. ಹವಾಮಾನದೋರೂ ಪಶ್ಚಿಮದಿಂದಲೇ ಬರುತ್ತೆ ಅಂದಿದ್ರು. ಪಾಪ, ಅವರನ್ನ ಬೈದಿದ್ದೆ.

ಇನ್ನು ಉಳಿದದ್ದು ಬಿರುಗಾಳಿ ಹೋಯಿತೆಂದು ಖಚಿತಪಡಿಸಿಕೊಳ್ಳುವುದು. ಅಜ್ಜ ಮೂಗು ಉಜ್ಜಿಕೊಂಡು ಇನ್ನೂ ಸ್ವಲ್ಪ ಉಳಿದ ಹಾಗಿದೆ ಎಂದ. ಹೆಂಡತಿ ತಾನೇ ಹೊಲಿದ ಕರವಸ್ತ್ರವನ್ನು ತೆಗೆದು ಅವನ ಕೈಗಿತ್ತಳು. ಅಂಚಿಗೆ ಎರಡು ಸುತ್ತು ಹೊಲಿಗೆ ಹಾಕಿದ ಗಟ್ಟಿ ಕರವಸ್ತ್ರ. ಅಜ್ಜ ಅದನ್ನು ಮೂಗಿಗೆ ಒತ್ತಿಕೊಂಡ ಮೇಲೆ ಊರಿನಲ್ಲಿ ಗಾಳಿ ಪೂರ್ತಿ ಶಾಂತವಾಯಿತು.

ಹೆಂಡತಿ: ಇಳಿಸ್ತೀರಾ?

ಗಂಡ: ಅಧ್ಯಕ್ಷರಿಗೆ ಒಂದು ಮಾತು ಹೇಳಬೇಕು.

ಕಚೇರಿಗೆ ಮರಳಿ ಫೋನ್ ಮಾಡಿದಾಗ ಪುರಸಭೆಯ ಅಧ್ಯಕ್ಷರು ಬಿರುಗಾಳಿ ಬಂದು ಹೋದದ್ದಕ್ಕೆ ಬಹಳ ಸಂತೋಷಪಟ್ಟರು. ಎಷ್ಟು ಜನ ಸತ್ತರು ಎಂದು ಕೇಳಿದರು. ಯಾರೂ ಇಲ್ಲ, ಒಂದು ಬೋರ್ಡು ಬಿತ್ತು, ಒಬ್ಬರಿಗೆ ನೆಗಡಿ ಎಂದು ಗಂಡ ತಿಳಿಸಿದ. ಆದರೆ ನಾಲ್ಕನೇ ಹಂತಕ್ಕೆ ಇಳಿಯುವ ಮಾತು ಬಂದಾಗ ಅವರ ದನಿ ಬದಲಾಯಿತು. ಇಡೀ ಸೀಮೆಯಲ್ಲಿ ಒಂದನೇ ಹಂತದಲ್ಲಿರುವುದು ನಮ್ಮ ಊರೊಂದೇ, ಎಲ್ಲ ಭಾಷಣದಲ್ಲೂ ಹೇಳಿಕೊಂಡಿದ್ದೇನೆ, ಪಕ್ಕದ ಊರಿನವರು ಮೊದಲಿನಿಂದಲೂ ನಾಲ್ಕನೆಯದರಲ್ಲೇ ಬಿದ್ದಿದ್ದಾರೆ, ಹೋಗಿ ಅವರ ಪಕ್ಕದಲ್ಲಿ ಕೂರುವುದೇ ಎಂದರು. ಗಂಡ ಹೌದು ಸರ್, ಹೌದು ಸರ್ ಎನ್ನುತ್ತ ಬೆವರಿದ. ಹೆಂಡತಿ ಅವನ ಕೈಯಿಂದ ಫೋನ್ ತೆಗೆದುಕೊಂಡಳು.

ಹೆಂಡತಿ: ಅಧ್ಯಕ್ಷರೇ, ನಾನು ಹಿಂದಿನ ಬೀದಿ ಹೊಲಿಗೆ ಅಂಗಡಿಯವಳು. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು?

ಅಧ್ಯಕ್ಷರು ಯಾಕೆ ಎಂದು ಕೇಳಿದರು.

ಹೆಂಡತಿ: ಒಂದನೇ ಮೆಟ್ಟಿಲಿಂದ ನಾಲ್ಕನೇ ಮೆಟ್ಟಿಲಿಗೆ ಹೋದ್ರೆ ಹತ್ತಿದ ಹಾಗೋ, ಇಳಿದ ಹಾಗೋ?

ಅತ್ತ ಕಡೆ ಅಧ್ಯಕ್ಷರು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುವುದು ಕೇಳಿಸಿತು. ಆಮೇಲೆ ಅಧ್ಯಕ್ಷರು, ಹಾಗಾದರೆ ಇಷ್ಟು ದಿನ ನಮ್ಮನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದವರು ಯಾರು ಎಂದು ಗುಡುಗಿ, ಊರನ್ನು ಕೂಡಲೇ ನಾಲ್ಕಕ್ಕೆ ಏರಿಸಬೇಕೆಂದು ಅಪ್ಪಣೆ ಮಾಡಿದರು. ಸಾಧ್ಯವಾದರೆ ಐದಕ್ಕೆ.

ಅಂದು ಸಂಜೆ ಬೋರ್ಡುಗಳೆಲ್ಲ ಅವರವರ ಅಂಗಡಿಗೆ ಹಿಂತಿರುಗಿದವು. ಗಂಡ ಚಾಪೆ ಸುತ್ತಿಕೊಂಡು ಮನೆಗೆ ಬಂದ. ಹೆಂಡತಿ ದೇವರ ಮುಂದೆ ದೀಪ ಹಚ್ಚಿ ಕೈಮುಗಿದಳು. ಅಷ್ಟು ಚಿಕ್ಕದನ್ನು ಅಷ್ಟು ಸರಿಯಾಗಿ ಕಳಿಸಿದ್ದಕ್ಕೆ. ಗಂಡನ ಅಂಗಿಯಿಂದ ನೀಲಿ ದಾರವನ್ನು ಕಿತ್ತು ಕಂದು ದಾರದಲ್ಲಿ ಗುಂಡಿ ಹಾಕಿದ ಮೇಲೆಯೇ ಮಲಗಿದಳು.

ಮರುದಿನ ಹಳದಿ ಬೋರ್ಡು ನೋಡಿ ಬೆಳಿಗ್ಗೆಯೇ ಗಿರಾಕಿಗಳು ಬಂದರು. ಯಂತ್ರ ನಿಲ್ಲದೆ ಓಡಿತು. ರಜೆ ಹಾಕಿದ ಗಂಡ ಅಂಗಡಿಯಲ್ಲೇ ಕೂತು ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದ.

ಮಧ್ಯಾಹ್ನವಾಯಿತು. ನಾಲ್ಕನೇ ಹಂತದಲ್ಲಿ ಸೈರನ್ ಕೂಗಿಸುವಂತಿಲ್ಲ. ಕೂಗಲಿಲ್ಲ.

ಮೊದಲು ಎದುರಂಗಡಿಯವನು ಹೊರಗೆ ಬಂದು ಆಕಾಶ ನೋಡಿದ. ಆಮೇಲೆ ಹೋಟೆಲಿನವನು. ಆಮೇಲೆ ಹಸಿದ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಮೇಷ್ಟ್ರು. ಸೈರನ್ ಕೂಗಿಲ್ಲವೆಂದರೆ ಏನೋ ಆಗಿದೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಕೂಗಿಸುವವನಿಗೇ ಏನೋ ಆಗಿರಬೇಕು ಎಂದರು ಇನ್ನು ಕೆಲವರು. ಸ್ವಲ್ಪ ಹೊತ್ತಿಗೆ ಬೀದಿ ತುಂಬಿತು. ಹಾಸಿಗೆ ಹೊತ್ತವರು, ಮಗು ಎತ್ತಿಕೊಂಡವರು, ಮುದುಕಿಯನ್ನು ಕುರ್ಚಿ ಸಮೇತ ಹೊತ್ತುತಂದವರು. ಎಲ್ಲರೂ ಅಂಗಡಿಯ ಮುಂದೆ ಬಂದು ನಿಂತರು. ಬೋರ್ಡು ಇದ್ದದ್ದರಿಂದ ಅಂಗಡಿ ಸುಲಭವಾಗಿ ಸಿಕ್ಕಿತು.

ಗಂಡ ಹೊರಗೆ ಬಂದು, ಯಾವ ಅಪಾಯವೂ ಇಲ್ಲ, ಅದಕ್ಕೇ ಸೈರನ್ ಇಲ್ಲ ಎಂದು ವಿವರಿಸಿದ. ಯಾರೂ ನಂಬಲಿಲ್ಲ. ಅಪಾಯ ಇಲ್ಲ ಅನ್ನುವುದಾದರೆ ದಿನದ ಹಾಗೆ ಸೈರನ್ ಕೂಗಿಸಿ ತೋರಿಸಿ ಎಂದು ಮೇಷ್ಟ್ರು ಕೇಳಿದರು. ಹಿಂದಿನವರು ಮುಂದಿನವರನ್ನು ತಳ್ಳತೊಡಗಿದರು.

ಗಂಡ ಮೆಲ್ಲಗೆ ಒಳಗೆ ಬಂದ. ಜೇಬಿನಿಂದ ಕೈಪಿಡಿ ತೆಗೆದ. ಹೆಂಡತಿ ಯಂತ್ರ ನಿಲ್ಲಿಸಿದಳು.

ಗಂಡ: ಜನ ಗಾಬರಿಯಾಗಿ ಒಂದೇ ಕಡೆ ಸೇರಿದ್ರೆ ಅದು ಕೈಪಿಡಿಯ ‘ಇತರೆ ಅಪಾಯಗಳು’ ಅನ್ನೋ ಪಟ್ಟಿಯಲ್ಲಿ ಬರುತ್ತೆ ಕಣೇ.

ಹೆಂಡತಿ: ಎಷ್ಟನೇ ಹಂತ?

ಗಂಡ ಒಂದು ಬೆರಳು ತೋರಿಸಿದ.

ಅವಳು ಕಣ್ಣು ಮುಚ್ಚಿ ಒಂದು ಗಳಿಗೆ ಕೂತಳು. ಆಮೇಲೆ ಸ್ಟೂಲು ಎಳೆದುಕೊಂಡು ಬಾಗಿಲಾಚೆ ಹೋಗಿ, ಅಷ್ಟು ಜನರ ಮುಂದೆ ಹತ್ತಿ, ಹಳದಿ ಬೋರ್ಡನ್ನು ತಾನೇ ಬಿಚ್ಚಿ, ಧೂಳು ಒರೆಸಿ, ಗಂಡನ ಕೈಗಿತ್ತಳು.

ಗಂಡ: ಬೇಜಾರು ಮಾಡ್ಕೋಬೇಡ. ಜೋಪಾನವಾಗಿ ಇಡಿಸ್ತೀನಿ.

ಹೆಂಡತಿ: ಜೋಪಾನ ಏನೂ ಬೇಡ. ಅದೇ ಮೊಳೆಗೆ ಹಾಕಿಸಿ. ಮತ್ತೆ, ಅಜ್ಜನ ಹತ್ರ ನನ್ನ ಕರವಸ್ತ್ರ ಇದೆ. ಅದನ್ನ ವಾಪಸ್ ಇಸ್ಕೊಂಡು ಬನ್ನಿ.